ಎರಡು ಜೊತೆ ಸಾಕ್ಸಿನ ಫೈನಲ್ ಇನ್‌ಸ್ಪೆಕ್ಷನ್

ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ನಾನು ಫೈನಲ್ ಇನ್‌ಸ್ಪೆಕ್ಟರ್. ಅಂದರೆ, ತಯಾರಾದ ಪಂಪು ಗೇಟು ದಾಟುವ ಮೊದಲು ಅದನ್ನು ಕೊನೆಯದಾಗಿ ಮುಟ್ಟಿ, ತಟ್ಟಿ, ತಿರುಗಿಸಿ ನೋಡುವ ಮನುಷ್ಯ ನಾನು. ಸರಿಯಿದ್ದರೆ ಹಸಿರು ಚೀಟಿ ಅಂಟಿಸುತ್ತೇನೆ. ಸರಿಯಿಲ್ಲದಿದ್ದರೆ ಮೂಲೆಯಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಕೆಂಪು ಚುಕ್ಕೆ. ಕೆಂಪು ಚುಕ್ಕೆ ಬಿದ್ದ ಮಾಲು ಮ್ಯಾನೇಜರ್ ಬಂದು ಕೈಮುಗಿದರೂ ಗೇಟು ದಾಟುವುದಿಲ್ಲ. ಇಂಥ ನನಗೆ ಎರಡು ಜೊತೆ ಸಾಕ್ಸ್ ಆರಿಸುವುದು ಯಾವ ಮಹಾ ಕೆಲಸ?

ಸಾಕ್ಸ್ ಕೇಳಿದವಳು ನನ್ನ ಮಗಳು ಪವಿತ್ರ. ಗಡಿ ಕಾಯುವ ಪಡೆಯಲ್ಲಿ ಕಾನ್‌ಸ್ಟೆಬಲ್. ಈ ಸಲ ಅವಳನ್ನು ಲಡಾಖ್ ಕಡೆಯ ಯಾವುದೋ ಎತ್ತರದ ಠಾಣೆಗೆ ಹಾಕಿದ್ದರು. ಅವಳು ಕೆಲಸಕ್ಕೆಂದು ಮನೆ ಬಿಟ್ಟ ದಿನ ನಾನೊಂದು ಮಾತಾಡಿದ್ದೆ. "ನಮ್ಮೂರು ಮತ್ತಿಗಿರಿ ಚಳೀಗೇ ಒಂಬತ್ತು ಗಂಟೆ ತಂಕ ರಗ್ಗಿಂದ ಮೂತಿ ಈಚೆಗಿಕ್ಕಲ್ಲ, ನೀನು ಹೋಗಿ ಗಡಿ ಕಾಯ್ತೀಯಾ?" ಎಂದಿದ್ದೆ. ತಮಾಷೆಗೆ ಅಂದೆ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ತಮಾಷೆಯಾಗಿರಲಿಲ್ಲ, ಭಯವಾಗಿತ್ತು. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಎರಡು ವರ್ಷ ಅವಳ ಫೋನು ಬಂದದ್ದೆಲ್ಲ ಅವಳಮ್ಮ ಸಾವಿತ್ರಿಗೆ. ನನ್ನ ಪಾಲಿಗೆ ಕೊನೆಯಲ್ಲಿ "ಅಪ್ಪ ಚೆನ್ನಾಗವ್ರಾ?" ಎಂಬ ಒಂದು ವಿಚಾರಣೆ, ಅದೂ ಸಾವಿತ್ರಿಯ ಮೂಲಕ.

ದಸರೆ ಮುಗಿದ ವಾರ ಒಂದು ಮಧ್ಯಾಹ್ನ ನನ್ನದೇ ಫೋನಿಗೆ ಅವಳ ಮೆಸೇಜು ಬಂತು. "ಅಪ್ಪಾ, ಇಲ್ಲಿ ಚಳಿ ಶುರುವಾಗಿದೆ. ಇಲ್ಲಿ ಕೊಡೋ ಸಾಕ್ಸ್ ನನ್ನ ಕಾಲಿಗೆ ದೊಡ್ಡದು. ಅದರ ಒಳಗೆ ಹಾಕ್ಕೊಳ್ಳಕ್ಕೆ ತೆಳ್ಳಗಿರೋ ಉಣ್ಣೆ ಸಾಕ್ಸ್ ಎರಡು ಜೊತೆ ಬೇಕು. ನೀನೇ ನೋಡಿ ಆರಿಸಿ ಕಳ್ಸು. ರಾಯಕೋಟೆ ಮುರುಗೇಶ್ ರಜ ಮುಗಿಸಿ ಭಾನುವಾರ ವಾಪಸ್ ಬರ್ತಾ ಇದ್ದಾನೆ, ಅವನ ಕೈಲಿ ಕೊಡು. ಆಮೇಲೆ ದಾರಿ ಮುಚ್ಚಿಬಿಡುತ್ತೆ. ಬೇರೇನೂ ಬೇಡ."

'ನೀನೇ ನೋಡಿ ಆರಿಸಿ' ಎಂಬ ಮೂರು ಪದಗಳನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. 'ಬೇರೇನೂ ಬೇಡ' ಎಂಬುದನ್ನು ಒಂದೇ ಸಲ ಓದಿದೆ.

ಸಾವಿತ್ರಿ ಅವರೆಕಾಯಿ ಸುಲಿಯುತ್ತಾ ಕೇಳಿದಳು, "ಎರಡ್ ಜೊತೆ ಸಾಕ್ಸ್ ತಾನೇ? ಸಂಜೆ ಬಜಾರಿಗೆ ಹೋಗಿ ತಗಂಬನ್ನಿ."

"ಸುಮ್ನೆ ತಗಂಬರಕ್ಕೆ ಅದೇನು ಕೊತ್ತಂಬ್ರಿ ಸೊಪ್ಪಾ? ಮಗಳು ನನ್ನನ್ನ ಕೇಳವ್ಳೆ. ಟೆಸ್ಟ್ ಆಗ್ದೆ ಒಂದು ದಾರಾನೂ ಈ ಮನೆ ದಾಟಲ್ಲ."

"ನೀವು ಟೆಸ್ಟ್ ಮಾಡಿ ಮುಗ್ಸೋ ಹೊತ್ಗೆ ಅವ್ಳಿಗೆ ರಿಟೈರ್‌ಮೆಂಟ್ ಆಯ್ತದೆ," ಎಂದು ಸಾವಿತ್ರಿ ಮತ್ತೆ ಅವರೆಕಾಯಿಗೆ ಬಗ್ಗಿದಳು.

ಮೊದಲನೆಯ ಹಂತ, ಕಚ್ಚಾ ಮಾಲಿನ ಪರೀಕ್ಷೆ. ಉಣ್ಣೆಯ ನೂಲು ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ನೈಲಾನ್ ಆದರೆ ಕರಗಿ ಅಂಟಾಗಬೇಕು. ಇದು ನನಗೆ ಗೊತ್ತಿತ್ತು. ಹೊಸೂರು ಬಜಾರಿನ ಅಂಗಡಿಯವರು ನನ್ನ ಮುಂದೆ ಹಾಕಿದ್ದು ಮೊಣಕಾಲುದ್ದದ ಫುಟ್‌ಬಾಲ್ ಸಾಕ್ಸ್. "ಪ್ಯೂರ್ ವುಲ್ ಸಾರ್, ಕಣ್ಮುಚ್ಕೊಂಡು ತಗೊಳ್ಳಿ," ಎಂದರು. ಇಪ್ಪತ್ತೆಂಟು ವರ್ಷದಲ್ಲಿ ನಾನು ಯಾವುದನ್ನೂ ಕಣ್ಣು ಮುಚ್ಚಿಕೊಂಡು ತೆಗೆದುಕೊಂಡವನಲ್ಲ. ಅವರು ಗಲ್ಲಾದ ಮೇಲೆ ಊದುಬತ್ತಿ ಹಚ್ಚಲು ಇಟ್ಟಿದ್ದ ಬೆಂಕಿಪೊಟ್ಟಣ ತೆಗೆದುಕೊಂಡು, ಸಾಕ್ಸಿನ ಅಂಚಿನಿಂದ ಒಂದೆಳೆ ಎಳೆದು, ಕಡ್ಡಿ ಗೀರಿದೆ. ಒಂದೆಳೆ ಎಂದು ನಾನು ತಿಳಿದದ್ದು ಇಡೀ ಸಾಕ್ಸಿನ ಜೊತೆ ಸಂಬಂಧ ಇಟ್ಟುಕೊಂಡಿತ್ತು. ಉರಿ ಮೇಲಕ್ಕೆ ಹತ್ತಿತು. ನಾನು ಸಾಕ್ಸನ್ನು ನೆಲಕ್ಕೆ ಒಗೆದು ತುಳಿದೆ. ಅದು ಕರಗಿ ನನ್ನ ಚಪ್ಪಲಿಗೆ ಅಂಟಿಕೊಂಡಿತು.

"ಎನ್ನ ಸಾರ್ ಇದು, ಅಂಗಡೀಗೇ ಬೆಂಕಿ ಇಡ್ತೀರಾ?" ಎಂದರು ಅಂಗಡಿಯವರು, ಅರ್ಧ ತಮಿಳಿನಲ್ಲಿ.

"ನೈಲಾನ್," ಎಂದು ನಾನು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದೆ.

ಸುಟ್ಟದ್ದಕ್ಕೆ ದಂಡವಾಗಿ ಅದೇ ತಳಿಯ ಎರಡು ಜೊತೆಯನ್ನು ಕೊಂಡುಕೊಳ್ಳಬೇಕಾಯಿತು. ಉಳಿದ ಅಂಗಡಿಗಳಿಗೆ ನನಗಿಂತ ಮೊದಲು ಸುದ್ದಿ ತಲುಪಿತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಒಬ್ಬರು ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. ಕೊನೆಗೆ ಗುರುವಾರ ರಜ ಹಾಕಿ, ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಬೆಟ್ಟ ಹತ್ತುವವರಿಗೆ ಸಾಮಾನು ಮಾರುವ ಒಂದು ಅಂಗಡಿ ಹುಡುಕಿದೆ. ಅಲ್ಲಿ ನಿಜವಾದ ಉಣ್ಣೆಯ, ತೆಳ್ಳಗಿನ, ನಾಲ್ಕನೇ ನಂಬರಿನ ಕಾಲಿಗಾಗುವ ಬೂದು ಬಣ್ಣದ ಸಾಕ್ಸ್ ಎರಡು ಜೊತೆ ಸಿಕ್ಕಿತು. ಅಲ್ಲಿಗೆ ಕೆಲಸ ಮುಗಿದಿತ್ತು. ಬುದ್ಧಿಯಿದ್ದವನು ಮನೆಗೆ ಬರುತ್ತಿದ್ದ.

ನಾನು ಅದೇ ಅಂಗಡಿಯ ಎದುರಿನ ಗೋಡೆ ನೋಡಿದೆ. ಅಲ್ಲಿ ಒಂದು ಜಾಕೆಟ್ಟು ನೇತಾಡುತ್ತಿತ್ತು. ಅದರ ಪಕ್ಕದಲ್ಲಿ ಎರಡು ಪದರದ ಕೈಗವಸು, ಕತ್ತಿಗೆ ಸುತ್ತುವ ಉಣ್ಣೆಯ ಕೊಳವೆ, ಮೊಣಕಾಲು ಬೆಚ್ಚಗಿಡುವ ಪಟ್ಟಿ, ಗಿಳಿಹಸಿರು ಬಣ್ಣದ ಮಂಕಿ ಟೋಪಿ. ಮಗಳು ಸಂಕೋಚದಿಂದ ಬೇಡವೆಂದಿದ್ದಾಳೆ, ತಂದೆಯಾದವನು ಅರ್ಥಮಾಡಿಕೊಳ್ಳಬೇಕು ಎಂದು ಅರ್ಥಮಾಡಿಕೊಂಡೆ. ಜಾಕೆಟ್ಟು ಯಾವ ಸೈಜು ಎಂದು ಕೇಳಿದರು. ಒಳಗೆ ಎರಡು ಸ್ವೆಟರ್ ಹಾಕಿಕೊಳ್ಳಬಹುದು, ಹಾಗಾಗಿ ಎರಡು ಸೈಜು ಹೆಚ್ಚು. ಅನ್ನ ಚೆನ್ನಾಗಿ ತಿಂದು ಮೈ ಬಂದಿರಬಹುದು, ಅದಕ್ಕೆ ಇನ್ನೊಂದು ಸೈಜು. ಮನೆಗೆ ತಂದು ತೋರಿಸಿದಾಗ ಸಾವಿತ್ರಿ ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದ್ರಲ್ಲಿ ಪವಿ ಒಬ್ಳೇನಾ, ಇಲ್ಲ ಠಾಣೆಯೋರೆಲ್ಲಾ ಹೋಗ್ತಾರಾ?" ಎಂದಳು.

ಎರಡನೆಯ ಹಂತ, ಚಳಿಯ ಪರೀಕ್ಷೆ. ಅಕ್ಟೋಬರಿನ ಹೊಸೂರಿನಲ್ಲಿ ಲಡಾಖಿನ ಚಳಿ ಎಲ್ಲಿ ಸಿಗುತ್ತದೆ? ಬೇರೆ ಊರಿನವನಾದರೆ ಇಲ್ಲಿಗೇ ಕೈಚೆಲ್ಲುತ್ತಿದ್ದ. ನಮ್ಮ ಕಡೆ ಗುಲಾಬಿ ಬೆಳೆಯುತ್ತಾರೆ. ಕೊಯ್ದ ಗುಲಾಬಿ ವಿಮಾನ ಹತ್ತುವವರೆಗೆ ಬಾಡಬಾರದೆಂದು ಪ್ಯಾಕಿಂಗ್ ಶೆಡ್ಡುಗಳಲ್ಲಿ ದೊಡ್ಡ ಕೋಲ್ಡ್ ರೂಮು ಕಟ್ಟಿರುತ್ತಾರೆ. ಒಳಗೆ ಎರಡು ಡಿಗ್ರಿ. ಮತ್ತಿಗಿರಿಯ ಆಚೆಗಿರುವ ಒಂದು ಶೆಡ್ಡಿನ ಮಾಲೀಕರು ನನಗೆ ಪರಿಚಯ. ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಒಳಗೆ ಕೂರಲು ಅವರ ಅಪ್ಪಣೆ ಪಡೆದೆ. ಯಾಕೆಂದು ಅವರು ಕೇಳಿದರು. ದೇಶದ ರಕ್ಷಣೆಗೆ ಸಂಬಂಧಪಟ್ಟದ್ದು ಎಂದಷ್ಟೇ ಹೇಳಿದೆ.

ಜಾಕೆಟ್ಟು, ಎರಡು ಕೈಗವಸು, ಕತ್ತಿನ ಕೊಳವೆ, ಮೊಣಕಾಲು ಪಟ್ಟಿ, ಗಿಳಿಹಸಿರು ಟೋಪಿ, ಎಲ್ಲವನ್ನೂ ಹೊರಗಿನ ಬಿಸಿಲಲ್ಲೇ ಧರಿಸಿ, ಕೈಯಲ್ಲಿ ಕಾರ್ಖಾನೆಯ ಚೆಕ್ ಶೀಟು ಹಿಡಿದು ನಾನು ಕೋಲ್ಡ್ ರೂಮು ಪ್ರವೇಶಿಸಿದೆ. ಒಳಗೆ ಗುಲಾಬಿಯ ಬಕೆಟ್ಟುಗಳ ನಡುವೆ ಮುನಿಯಮ್ಮ ಎಂಬ ಹೆಂಗಸು ಕಟ್ಟು ಕಟ್ಟುತ್ತಿದ್ದಳು. ಹದಿನೈದು ವರ್ಷದಿಂದ ಅವಳ ಕೆಲಸ ಆ ಚಳಿಯಲ್ಲೇ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಎರಡು, ಅಷ್ಟೇ ಅವಳ ಉಡುಪು.

"ಯಾವೂರ್ ನಾಟಕದ್ ವೇಸ ಅಣ್ಣಾ ಇದು?" ಎಂದಳು.

ವಿಷಯ ಹೇಳಿದೆ. ಅವಳು ನಗಲಿಲ್ಲ. "ನಿಮ್ ಮಗಳಾ? ಹೆಣ್ ಕೂಸಾ?" ಎಂದು ಕೇಳಿ, ಕಟ್ಟು ಕೆಳಗಿಟ್ಟು, ನನ್ನ ಪರೀಕ್ಷೆಯನ್ನು ನೋಡುತ್ತಾ ನಿಂತಳು.

ಹತ್ತು ನಿಮಿಷ ನಾನು ಬೆಚ್ಚಗಿದ್ದೆ. ಚೆಕ್ ಶೀಟಿನಲ್ಲಿ 'ಉತ್ತಮ' ಎಂದು ಬರೆದೆ. ಹದಿನೈದನೆಯ ನಿಮಿಷಕ್ಕೆ ಜಾಕೆಟ್ಟಿನೊಳಗೆ ಬೆವರು ಹರಿಯತೊಡಗಿತು. ಇಪ್ಪತ್ತನೆಯ ನಿಮಿಷಕ್ಕೆ ಆ ಬೆವರು ತಣ್ಣಗಾಯಿತು. ಕನ್ನಡಕದ ಮೇಲೆ ಮಂಜು ಕೂತು ಚೆಕ್ ಶೀಟು ಮಾಯವಾಯಿತು. ಕೈಗವಸಿನಲ್ಲಿ ಪೆನ್ನು ನಿಲ್ಲದೆ ಬಕೆಟ್ಟಿಗೆ ಬಿತ್ತು. ಅದಕ್ಕಿಂತ ಮುಖ್ಯವಾಗಿ, ನಾನು ಬರಿಗಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದೆ. ತಲೆಯಿಂದ ಮೊಣಕಾಲಿನ ತನಕ ಲಡಾಖಿಗೆ ಸಿದ್ಧವಾಗಿದ್ದವನ ಪಾದ ಎರಡೂ ಮರಗಟ್ಟಿದ್ದವು. ಮಗಳು ಕೇಳಿದ್ದು ಸಾಕ್ಸು ಮಾತ್ರ ಎಂಬುದು ಆಗ ನನ್ನ ಕಾಲಿಗೆ ಅರ್ಥವಾಯಿತು, ತಲೆಗೆ ಆಮೇಲೆ.

ಬೂದು ಸಾಕ್ಸನ್ನು ಜೇಬಿನಿಂದ ತೆಗೆದು ನನ್ನ ಒಂಬತ್ತನೇ ನಂಬರಿನ ಕಾಲಿಗೆ ಏರಿಸಲು ಹೋದೆ. ಹಿಮ್ಮಡಿಯ ಜಾಗ ಅಂಗಾಲಿನ ನಡುವೆ ಬಂದು ನಿಂತಿತು.

"ಕೊಡಣ್ಣ ಇಲ್ಲಿ, ಹರ್ದಾಕ್ಬುಡ್ತೀಯ," ಎಂದು ಮುನಿಯಮ್ಮ ಅದನ್ನು ಕಿತ್ತುಕೊಂಡಳು. ಅವಳದು ಚಿಕ್ಕ ಪಾದ. ಎಡಗಾಲಿಗೆ ಉಣ್ಣೆಯ ಸಾಕ್ಸ್, ಬಲಗಾಲಿಗೆ ಹೋಲಿಕೆಗೆಂದು ನಾನು ತಂದಿದ್ದ ಫುಟ್‌ಬಾಲ್ ಸಾಕ್ಸ್ ಹಾಕಿಕೊಂಡು, ನೆಲದ ಮೇಲೆ ಚೆಲ್ಲಿದ್ದ ಬಕೆಟ್ ನೀರಿನಲ್ಲಿ ಬೇಕೆಂದೇ ನಾಲ್ಕು ಹೆಜ್ಜೆ ಹಾಕಿದಳು. ಹೋಗಿ ಇನ್ನೊಂದು ಕಟ್ಟು ಗುಲಾಬಿ ಕಟ್ಟಿದಳು. ಬಂದು ತೀರ್ಪು ಕೊಟ್ಟಳು.

"ಇದು ಒದ್ದೆಯಾದ್ರೂ ಬೆಚ್ಚಗೈತೆ. ಈ ಬಲಗಾಲು ಸತ್ತೋಯ್ತು. ಬೂದಿ ಬಣ್ಣದ್ದೇ ಕಳ್ಸು. ಆ ಕೋಟು ಬ್ಯಾಡ ಅಣ್ಣಾ, ದಪ್ಪ ಹಾಕಂಡು ಬೆವತ್ರೆ ಚಳಿ ಜಾಸ್ತಿ. ನಂಗೆ ಗೊತ್ತು ಕಣಣ್ಣ, ಇಲ್ಲಿ ಕಾಲು ಬೆಚ್ಚಗಿದ್ರೆ ಸಾಕು, ದಿನ ತಳ್ಬೋದು."

ನಾನು ಮೂರು ದಿನ ಮಾಡಿದ ಪರೀಕ್ಷೆಯನ್ನು ಅವಳು ಹತ್ತು ನಿಮಿಷದಲ್ಲಿ, ಒಂದು ಚೆಕ್ ಶೀಟೂ ಇಲ್ಲದೆ ಮುಗಿಸಿದ್ದಳು. ಹೊರಡುವಾಗ ಒದ್ದೆ ಸಾಕ್ಸನ್ನು ಹಿಂಡಿ ಕೊಟ್ಟು, "ಬಿಸ್ಲಾಗೆ ಹಾಕ್ಬ್ಯಾಡ, ನೆಳ್ಳಲ್ಲಿ ಒಣಗ್ಸು," ಎಂದಳು. ನನಗೆ ಆ ಹೆಂಗಸಿನ ಮೇಲೆ ಬಹಳ ಗೌರವ ಬಂತು. ಜೊತೆಗೆ ಜ್ವರವೂ ಬಂತು.

ಮನೆಗೆ ಬಂದು ಸೀನುತ್ತಲೇ ಕೊನೆಯ ಹಂತ ಮುಗಿಸಿದೆ. ಒದ್ದೆಯಾದ ಒಂದು ಸಾಕ್ಸನ್ನು ಹಿಂದಿನ ವರಾಂಡದ ಹಗ್ಗಕ್ಕೆ ಹಾಕಿದೆ. ಉಳಿದ ಬೂದು ಸಾಕ್ಸಿಗೆ ರಬ್ಬರ್ ಬ್ಯಾಂಡ್ ಹಾಕಿ ಹಸಿರು ಚೀಟಿ ಅಂಟಿಸಿದೆ. ತಿರಸ್ಕೃತವಾದ ಜಾಕೆಟ್ಟು, ಟೋಪಿ, ಕೈಗವಸು, ಕೊಳವೆ, ಪಟ್ಟಿ, ಫುಟ್‌ಬಾಲ್ ಸಾಕ್ಸುಗಳಿಗೆ ನಿಯಮದ ಪ್ರಕಾರ ಮೂಲೆಯಲ್ಲಿ ಒಂದೊಂದು ಕೆಂಪು ಚುಕ್ಕೆ ಇಟ್ಟೆ. ನುಂಗಿದ ಮಾತ್ರೆಗೆ ಕಣ್ಣು ಎಳೆಯುತ್ತಿತ್ತು. "ಎಲ್ಲಾದಕ್ಕೂ ಗುರ್ತು ಹಾಕಿಟ್ಟಿದ್ದೀನಿ. ಬೆಳಿಗ್ಗೆ ಮುರುಗೇಶ ಬತ್ತಾನೆ, ಗುರ್ತು ನೋಡ್ಕೊಂಡು ಬ್ಯಾಗಿಗೆ ತುಂಬ್ಸು," ಎಂದು ಸಾವಿತ್ರಿಗೆ ಹೇಳಿ ಮಲಗಿದೆ.

ಭಾನುವಾರ ಎದ್ದಾಗ ಹತ್ತೂಕಾಲು. ಮುರುಗೇಶ ಬಂದು ಕಾಫಿ ಕುಡಿದು, ಬ್ಯಾಗು ತೆಗೆದುಕೊಂಡು ಹೊಸೂರು ಸ್ಟೇಷನ್ನಿಗೆ ಹೋಗಿಯಾಗಿತ್ತು. ಅವನಿಗೆ ಹನ್ನೊಂದರ ರೈಲು. ಸಾವಿತ್ರಿಯ ಮುಖದಲ್ಲಿ ಎಂದೂ ಇಲ್ಲದ ಕಳೆ ಇತ್ತು.

"ನಾನ್ ನಿಮ್ಮನ್ನ ಏನೋ ಅಂದ್ಕೊಂಡಿದ್ದೆ ಕಣ್ರೀ," ಎಂದಳು. "ಮದ್ವೆಯಾದಾಗಿಂದ ಹೊಸ ಬಟ್ಟೆ ಉಡೋಕ್ ಮುಂಚೆ ಮೂಲೇಗೆ ಕುಂಕುಮ ಹಚ್ಚಿ ಅಂತ ಬಡ್ಕೊಂಡಿದ್ದೀನಿ. ಒಂದಿನ ಹಚ್ಚಲಿಲ್ಲ. ಮಗಳಿಗೆ ಅಂದ್ರೆ ಒಂದೂ ಬಿಡ್ದಂಗೆ ಎಲ್ಲಾದಕ್ಕೂ ಹಚ್ಚಿದ್ದೀರಿ. ನೋಡಿ ಕಣ್ಣಲ್ಲಿ ನೀರು ಬಂತು."

ನನಗೆ ಜ್ವರ ಇಳಿಯಿತು.

"ಕೆಂಪು ಚುಕ್ಕೇದು ತುಂಬ್ಸಿದ್ಯಾ?"

"ಹೂಂ, ಎಲ್ಲಾ. ಆ ಕೋಟು ಹಿಡೀಲಿಲ್ಲ ಅಂತ ಮುರುಗೇಶ ಕೈಮೇಲೇ ಹಾಕ್ಕೊಂಡು ಹೋದ."

"ಹಸ್ರು ಚೀಟೀದು?"

"ಅದಾ? ಚೀಟಿ ಅಂಟ್ಸಿತ್ತಲ್ಲ, ಅಂಗ್ಡೀಗೆ ವಾಪಸ್ ಕೊಡೋದು ಅಂತ ಬೀರು ಮೇಲೆ ಇಟ್ಟೆ."

ಇಲ್ಲಿ ತಪ್ಪು ಯಾರದು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಇಪ್ಪತ್ತೆಂಟು ವರ್ಷ ಗುರುತು ಹಾಕಿದ ನಾನು ಮನೆಯಲ್ಲಿ ಆ ಗುರುತಿನ ಅರ್ಥ ಯಾರಿಗೂ ಹೇಳಿರಲಿಲ್ಲ. ಸಾವಿತ್ರಿ ಅವಳಿಗೆ ತಿಳಿದ ಶಾಸ್ತ್ರದ ಪ್ರಕಾರ ಸರಿಯಾಗಿಯೇ ಮಾಡಿದ್ದಳು.

ಆದರೆ ಆಗ ಅಷ್ಟೆಲ್ಲ ಯೋಚಿಸಲು ಹೊತ್ತಿರಲಿಲ್ಲ. ಮಗಳು ಎರಡು ವರ್ಷದ ಮೇಲೆ ಬಾಯಿಬಿಟ್ಟು ಕೇಳಿದ ಒಂದೇ ವಸ್ತು ಬೀರುವಿನ ಮೇಲಿತ್ತು, ಅವಳ ಕಾಲನ್ನು ಕೊಲ್ಲುವ ನೈಲಾನ್ ರೈಲು ಹತ್ತಲು ಹೋಗಿತ್ತು. ಹಸಿರು ಚೀಟಿಯ ಕಟ್ಟನ್ನು ಹಾಗೇ ಜೇಬಿಗೆ ತುರುಕಿ, ಲುಂಗಿಯಲ್ಲೇ ಸ್ಕೂಟರ್ ಹತ್ತಿದೆ.

ಸ್ಟೇಷನ್ನಿನಲ್ಲಿ ರೈಲು ಆಗಲೇ ಬಂದು ನಿಂತಿತ್ತು. ಮುರುಗೇಶನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅಷ್ಟು ದೊಡ್ಡ ಜಾಕೆಟ್ಟು ಆ ಪ್ಲಾಟ್‌ಫಾರಮ್ಮಿನಲ್ಲಿ ಇನ್ನೊಂದಿರಲಿಲ್ಲ.

"ಮುರುಗೇಶಾ, ಬ್ಯಾಗ್ ತೆಗಿ. ಅದು ರಿಜೆಕ್ಟ್ ಮಾಲು!"

"ಎನ್ನ ಅಂಕಲ್, ಲುಂಗೀಲೇ ಬಂದ್ಬುಟ್ರಿ?" ಎನ್ನುತ್ತಾ ಅವನು ಬ್ಯಾಗು ಬಿಚ್ಚಿದ. ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತು ನಾನು ಕೆಂಪು ಚುಕ್ಕೆಯ ಮಾಲನ್ನೆಲ್ಲ ಎಳೆದು ಹೊರಗೆ ಹಾಕಿದೆ. ಹತ್ತುವವರು, ಇಳಿಯುವವರು ಗಿಳಿಹಸಿರು ಟೋಪಿಯನ್ನು ದಾಟಿಕೊಂಡು ಓಡಾಡಿದರು. ಒಬ್ಬ ಅಜ್ಜಿ ಕೈಗವಸಿನ ಬೆಲೆ ಕೇಳಿದಳು. ರೈಲು ಕೂಗಿತು. ಬೂದು ಸಾಕ್ಸಿನ ಕಟ್ಟನ್ನು ಮುರುಗೇಶನ ಅಂಗೈಗೆ ಒತ್ತಿ, ಅವನ ಬೆರಳುಗಳನ್ನು ನಾನೇ ಮಡಚಿ, "ಇದನ್ನ ಅವಳ ಕೈಗೇ ಕೊಡಬೇಕು ಕಣಪ್ಪ," ಎಂದೆ.

"ಕಂಡಿಪ್ಪಾ ಅಂಕಲ್, ಖಂಡಿತ ಕೊಡ್ತೀನಿ," ಎಂದ ಅವನು. ರೈಲು ಹೊರಟಿತು.

ತಿರಸ್ಕೃತ ಮಾಲನ್ನು ಜಾಕೆಟ್ಟಿನಲ್ಲಿ ಗಂಟು ಕಟ್ಟಿಕೊಂಡು ಮನೆಗೆ ಬಂದವನ ನಡಿಗೆ ನೀವು ನೋಡಬೇಕಿತ್ತು. ಸೋತ ಆಟವನ್ನು ಕೊನೆಯ ಎಸೆತದಲ್ಲಿ ಗೆದ್ದವನ ಹಾಗೆ ಬೀಗುತ್ತಾ, ಕೈಕಾಲು ತೊಳೆಯಲು ಹಿಂದಿನ ವರಾಂಡಕ್ಕೆ ಹೋದೆ. ಹಗ್ಗದ ಮೇಲೆ ಒಂದು ಬೂದು ಸಾಕ್ಸ್ ತೂಗುತ್ತಿತ್ತು. ಚೆನ್ನಾಗಿ ಒಣಗಿತ್ತು. ನೆರಳಿನಲ್ಲಿ.

ಎಣಿಸದೆ ಒಂದು ಪೆಟ್ಟಿಗೆಯನ್ನೂ ಗೇಟು ದಾಟಿಸದ ನಾನು, ಎರಡು ಜೊತೆಯ ಜಾಗದಲ್ಲಿ ಮೂರು ಸಾಕ್ಸನ್ನು ಗಡಿಗೆ ರವಾನಿಸಿದ್ದೆ.

ಅಂದಿನಿಂದ ದಿನವೂ ಫೋನು ಮಾಡಿದೆ. ಸಿಗಲಿಲ್ಲ. ಮೆಸೇಜು ಬರೆದೆ. ಹೋಗಲಿಲ್ಲ. ಅಂಚೆಯಲ್ಲಿ ಕಳಿಸೋಣವೆಂದರೆ, ಅಷ್ಟರಲ್ಲಿ ಹಿಮ ಬಿದ್ದು ದಾರಿ ಮುಚ್ಚಿತೆಂದು ಸುದ್ದಿ ಬಂತು. ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಒಂದು ಕೆಲಸ ಒಪ್ಪಿಸಿದ್ದಳು, ಅದನ್ನೂ ಕೆಡಿಸಿದ ಅಪ್ಪನಿಗೆ ಇನ್ನೆಂದು ಏನು ಕೇಳಿಯಾಳು ಎಂಬುದೇ ಚಿಂತೆ. ಕಾರ್ಖಾನೆಯಲ್ಲಿ ಪ್ರತಿ ಪಂಪನ್ನೂ ಎರಡೆರಡು ಸಲ ಎಣಿಸಿ ಬೈಸಿಕೊಂಡೆ.

ಒಂದು ಶುಕ್ರವಾರ ಬೆಳಿಗ್ಗೆ ಫೋನು ಬಂತು. ನನ್ನ ಫೋನಿಗೆ.

"ಅಪ್ಪಾ, ಸಾಕ್ಸ್ ಸಿಕ್ತು."

"ಮೂರು," ಎಂದೆ ನಾನು.

"ಹೂಂ, ಮೂರು. ಮುರುಗೇಶ್ ಎಲ್ಲಾ ಹೇಳ್ದ. ಅವನು ಊಟದ ಹೊತ್ತಲ್ಲಿ ಹೇಳಿ ಇಡೀ ಬ್ಯಾರಕ್ ಬಿದ್ದೂ ಬಿದ್ದೂ ನಕ್ತು."

"ಇನ್ನೊಂದು ಇಲ್ಲೇ ಐತೆ ಕಣಮ್ಮ. ಒಣಗಕ್ಕೆ ಹಾಕಿ ಮರ್ತುಬಿಟ್ಟೆ. ಹೆಂಗಾದ್ರೂ ಮಾಡಿ ಕಳಿಸ್ತೀನಿ."

"ಬೇಡ ಬಿಡಪ್ಪ. ಎರಡು ಹಾಕ್ಕೋತೀನಿ, ಯಾವುದಾದ್ರೂ ಒಂದು ಒದ್ದೆಯಾದ್ರೆ ಇನ್ನೊಂದಿದೆ. ಎರಡೂ ಕಾಲು ಒಟ್ಟಿಗೆ ಒದ್ದೆ ಮಾಡ್ಕೊಳ್ಳದಂಗೆ ನೋಡ್ಕೊಂಡ್ರೆ ಆಯ್ತು."

ಆಮೇಲೆ ಹೇಳಿದೆ, "ಪವೀ, ಅವತ್ತು ಹೊರಡೋವಾಗ ನಾನು ಚಳಿ ವಿಷ್ಯ ಅಂದೆನಲ್ಲ, ಅದು ಹೆದರ್ಕೊಂಡು ಅಂದಿದ್ದು ಕಣಮ್ಮ. ತಪ್ಪಾಯ್ತು."

"ಗೊತ್ತು. ಲುಂಗೀಲಿ ಸ್ಟೇಷನ್‌ಗೆ ಓಡ್ಬಂದೆ ಅಂತಲ್ಲ, ಆಗ ಗೊತ್ತಾಯ್ತು," ಎಂದಳು. "ನಾಲ್ಕನೇದು ಅಲ್ಲೇ ಹಗ್ಗದ ಮೇಲಿರ್ಲಿ. ಬೇಸಿಗೇಲಿ ರಜಕ್ಕೆ ಬಂದು ನಾನೇ ತಗೋತೀನಿ. ನೀನು ಅದನ್ನ ಟೆಸ್ಟ್ ಮಾಡ್ಬೇಡ."

ಫೋನು ಇಟ್ಟು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸಾವಿತ್ರಿ ಶುಕ್ರವಾರದ ಪೂಜೆ ಮುಗಿಸಿ ಮಂಗಳಾರತಿ ತಟ್ಟೆ ಹಿಡಿದು ಬಂದಳು. ಎಂದಿನಂತೆ ಆರತಿ ತೆಗೆದುಕೊಂಡೆ. ಎಂದಿನಂತೆ ಅವಳು ನನ್ನ ಹಣೆಗೆ ಕುಂಕುಮ ಇಟ್ಟಳು. ಕಾರ್ಖಾನೆಗೆ ಹೊರಡಲು ತಲೆ ಬಾಚುವಾಗ ಕನ್ನಡಿಯಲ್ಲಿ ನೋಡಿಕೊಂಡೆ. ಹಣೆಯ ನಟ್ಟನಡುವೆ ದುಂಡಗೆ, ಅಚ್ಚುಕಟ್ಟಾಗಿ, ಒಂದು ಕೆಂಪು ಚುಕ್ಕೆ. ಮದುವೆಯಾದಂದಿನಿಂದ ಪ್ರತಿ ಶುಕ್ರವಾರ ಇಡುತ್ತಿದ್ದಾಳೆ. ಫೈನಲ್ ಇನ್‌ಸ್ಪೆಕ್ಷನ್ನಿನಲ್ಲಿ ನನಗಿಂತ ಅವಳೇ ಸೀನಿಯರ್ ಎಂಬುದು ನನಗೆ ಹೊಳೆದದ್ದು ಅವತ್ತು.